ಪಾಸ್ಕಲ್ ಕೊಯ್ದು ಕೊಟ್ಟ ಎಲೆಗಳು

ಪಾಸ್ಕಲ್ ಮಿನೇಜಸ್ ಮೀನು ಕೊಳ್ಳುವುದನ್ನು ಒಮ್ಮೆ ನೋಡಿದರೆ ಸಾಕು, ಮನುಷ್ಯ ಎಂಥವನೆಂದು ತಿಳಿದುಹೋಗುತ್ತದೆ. ಕಾರ್ಕಳದ ಮಾರ್ಕೆಟ್ಟಿನಲ್ಲಿ ಬಂಗುಡೆಯ ಕಿವಿರು ಎತ್ತಿ ನೋಡುತ್ತಾನೆ, ಹೊಟ್ಟೆ ಒತ್ತುತ್ತಾನೆ, ಮೂಗಿಗೆ ಹಿಡಿಯುತ್ತಾನೆ, ಮಾರುವವಳ ಮುಖವನ್ನೂ ಅಷ್ಟೇ ಹೊತ್ತು ನೋಡುತ್ತಾನೆ. ಇಷ್ಟೆಲ್ಲ ಆದ ಮೇಲೆ ಪಕ್ಕದ ಬುಟ್ಟಿಗೆ ಹೋಗಿ ಅದೇ ಮೀನನ್ನು ಕೊಳ್ಳುತ್ತಾನೆ. ಗ್ಯಾಸ್ ಸಿಲಿಂಡರ್ ಬಂದರೆ ಅಲುಗಾಡಿಸಿ ಕಿವಿಗೊಡುತ್ತಾನೆ. ರಿಜಿಸ್ಟರ್ ಪತ್ರ ಬಂದರೆ ಪೋಸ್ಟ್‌ಮ್ಯಾನ್ ಕೈಯಿಂದಲೇ ಒಡೆಸಿ, ಓದಿಸಿ, ಆಮೇಲೆ ಸಹಿ ಹಾಕುತ್ತಾನೆ. ಹೆಂಡತಿ ಎಸ್ತರ್ ಹೇಳುವ ಪ್ರಕಾರ, ಮದುವೆಯ ದಿನ ಇಗರ್ಜಿಯಲ್ಲಿ ಪಾದ್ರಿಗಳು ಒಪ್ಪಿಗೆಯೇ ಎಂದು ಕೇಳಿದಾಗ ಈ ಮಹಾಶಯ ಉತ್ತರ ಕೊಡುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದ್ದನಂತೆ.

ವಯಸ್ಸು ಐವತ್ತೆಂಟು. ಮನೆ ಕಾರ್ಕಳದಿಂದ ಮಾಳಕ್ಕೆ ಹೋಗುವ ದಾರಿಯಲ್ಲಿ. ಕೆಲಸ ತೆಂಗಿನ ಮರ ಹತ್ತುವುದು ಮತ್ತು ಸೊಪ್ಪು ಕಡಿಯುವುದು. ದನದ ಹಟ್ಟಿಗೆ ಹಾಸಿ, ತುಳಿಸಿ, ಕೊಳೆಸಿ ಗೊಬ್ಬರ ಮಾಡಲು ಊರವರಿಗೆ ಹಸಿ ಸೊಪ್ಪು ಬೇಕಲ್ಲ, ಅದನ್ನು ಹಾಡಿಯ, ಅಂದರೆ ಊರಂಚಿನ ಕಾಡಿನ, ಮರಗಳಿಂದ ಕಡಿದು ಹೊರೆ ಕಟ್ಟಿ ತರುವವನು ಪಾಸ್ಕಲ್. ನಲವತ್ತು ವರ್ಷ ಇದೇ ಮಾಡಿದ ಕೈ. ಕಣ್ಣು ಮುಚ್ಚಿಕೊಂಡು ಎಲೆಯನ್ನು ಬೆರಳಲ್ಲಿ ಮಡಚಿ ಯಾವ ಮರದ್ದು, ಎಷ್ಟು ದಿನಕ್ಕೆ ಕೊಳೆಯುತ್ತದೆ, ಹಸು ಬಾಯಿ ಹಾಕುತ್ತದೋ ಇಲ್ಲವೋ ಎಲ್ಲ ಹೇಳಿಬಿಡುತ್ತಾನೆ. ಓದಿದ್ದು ಮಾತ್ರ ಐದನೆಯ ಕ್ಲಾಸು.

ಅವನ ಸಂಶಯಬುದ್ಧಿ ಹುಟ್ಟಿನಿಂದ ಬಂದದ್ದೆಂದು ಊರವರು ನಗುತ್ತಾರೆ. ಅದು ಹಾಗಲ್ಲ. ಅದಕ್ಕೊಂದು ದಿನಾಂಕವಿದೆ.

ಮನೆಯ ಹಿಂದಿನ ಹಾಡಿಯಲ್ಲಿ ಒಂದು ಕಾಲಕ್ಕೆ ಹನ್ನೊಂದು ರಾಂಪತ್ರೆ ಮರಗಳಿದ್ದವು. ಜಾಯಿಕಾಯಿಯ ಜಾತಿಯ ಕಾಡುಮರ ಅದು. ಎಲೆ ಚರ್ಮದ ಹಾಗೆ ಗಟ್ಟಿ. ಮೇಲೆ ಹೊಳಪು, ಕೆಳಗೆ ಬೂದಿ ಸವರಿದಂತೆ ಬಿಳಿ. ಹಟ್ಟಿಗೆ ಹಾಸಿದರೆ ಮಳೆಗಾಲ ಕಳೆದರೂ ಕೊಳೆಯದೆ ಗೊಬ್ಬರದ ನಡುವೆ ಇದ್ದ ಹಾಗೇ ಸಿಗುತ್ತದೆ. ಅದಕ್ಕೇ ಸೊಪ್ಪಿನವರು ಅದರ ತಂಟೆಗೆ ಹೋಗುತ್ತಿರಲಿಲ್ಲ. ಸುತ್ತಲಿನ ಮರಗಳೆಲ್ಲ ವರ್ಷ ವರ್ಷ ಬೋಳಾಗುತ್ತಿದ್ದಾಗ ಈ ಹನ್ನೊಂದು ತಮ್ಮ ಕೆಟ್ಟ ಎಲೆಯ ಪುಣ್ಯದಿಂದ ತಲೆ ಎತ್ತಿ ನಿಂತಿದ್ದವು. ಆದರೆ ಕಾಯಿ ಒಡೆದರೆ ಒಳಗೆ ಬೀಜವನ್ನು ಸುತ್ತಿಕೊಂಡು ಕೆಂಪು ಪತ್ರೆ ಇರುತ್ತದೆ, ಅದಕ್ಕೆ ಪೇಟೆಯಲ್ಲಿ ಬೇಡಿಕೆ. ಪಾಸ್ಕಲ್‌ಗೆ ಇಪ್ಪತ್ತಾರು ವರ್ಷವಾಗಿದ್ದಾಗ ಒಬ್ಬ ಮನುಷ್ಯ ಕಾರಿನಲ್ಲಿ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಪುಸ್ತಕ. ಈ ಮರದ ಬಗ್ಗೆ ತಿಳಿಯುವ ಆಸೆ, ಬೇರೇನೂ ಇಲ್ಲ ಎಂದ. ಪಾಸ್ಕಲ್ ಹಿಗ್ಗಿ ಹೀರೇಕಾಯಿಯಾಗಿ ಹನ್ನೊಂದೂ ಮರ ತೋರಿಸಿದ, ಯಾವುದು ಕಾಯಿ ಬಿಡುವ ಹೆಣ್ಣುಮರ ಎಂಬುದನ್ನೂ ಬೆರಳಿಟ್ಟು ಹೇಳಿದ. ಮುಂದಿನ ಬೇಸಿಗೆಯಲ್ಲಿ ಆ ಮನುಷ್ಯನ ಆಳುಗಳು ಬಂದರು. ಬಲಿಯದ ಕಾಯಿಗಾಗಿ ಕೊಂಬೆ ಕೊಂಬೆಯನ್ನೇ ಉರುಳಿಸಿದರು, ಹತ್ತಲು ಕಷ್ಟವಾದ ಮರಗಳನ್ನು ಬುಡದಿಂದಲೇ ತೆಗೆದರು. ಹತ್ತಿ ಕಡಿದವರಲ್ಲಿ ಪಾಸ್ಕಲ್ ಕೂಡ ಇದ್ದ. ಕೆಲಸ ಎಂದು ಕರೆದಿದ್ದರು, ಹೋಗಿದ್ದ. ಉಳಿದದ್ದು ಒಂದು ಹೆಣ್ಣುಮರ, ಎರಡು ಗಂಡುಮರ. ಆ ವರ್ಷದಿಂದ ಯಾರಾದರೂ ನಯವಾಗಿ ಮಾತಾಡಿದರೆ ಪಾಸ್ಕಲ್ ಒಂದು ಹೆಜ್ಜೆ ಹಿಂದೆ ಸರಿಯುತ್ತಾನೆ.

ಹೀಗಿರುವಾಗ ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಶ್ರೇಯಾ ಬಂದಳು. ಮಣಿಪಾಲದಲ್ಲಿ ಸಸ್ಯಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಹುಡುಗಿ, ಊರು ಕಾಪು, ತಾಯಿ ಕಮಲ ಮೀನು ವ್ಯಾಪಾರದವಳು. ಹುಡುಗಿಯ ಚೀಲದಿಂದ ಹೊರಬಂದ ಸಾಮಾನು ನೋಡಿಯೇ ಪಾಸ್ಕಲ್‌ನ ಹುಬ್ಬು ಮೇಲೇರಿತು. ಎಲೆಯ ದಪ್ಪ ಅಳೆಯುವ ಯಂತ್ರ, ಎಲೆಯಿಂದ ದುಂಡನೆಯ ಚೂರು ಕತ್ತರಿಸುವ ಇನ್ನೊಂದು, ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲಗಳು.

“ಈ ಎಲೆ ಎಂತಕ್ಕೆ ಮೇಡಂ ನಿಮಗೆ?” ಎಂದ ಪಾಸ್ಕಲ್. ಮೇಡಂ ಎಂಬ ಮಾತಿನಲ್ಲಿ ಮರ್ಯಾದೆಗಿಂತ ದೂರ ಹೆಚ್ಚಿತ್ತು.

“ಈ ಮರ ಅಳಿದು ಹೋಗ್ತಾ ಉಂಟು ಅಂಕಲ್. ಇದು ಹೇಗೆ ಬದುಕುತ್ತದೆ ಅಂತ ಎಲೆಯೇ ಹೇಳ್ತದೆ. ತುದಿಯಲ್ಲಿ ಬಿಸಿಲಿಗೆ ನಿಂತ ಎಲೆ ಸಣ್ಣದು, ದಪ್ಪ. ನೀರು ಬೇಗ ಆರಿಹೋಗುವುದಿಲ್ಲ. ಕೆಳಗಿನ ಬಿಳಿ ಪದರದಲ್ಲಿ ಉಸಿರಾಡುವ ತೂತುಗಳು ಅಡಗಿ ಇರ್ತವೆ. ಎಲೆ ಗಟ್ಟಿಯಾದ್ದರಿಂದ ಹುಳವೂ ಹೆಚ್ಚು ತಿನ್ನುವುದಿಲ್ಲ.”

“ದನವೂ ತಿನ್ನುವುದಿಲ್ಲ,” ಎಂದುಬಿಟ್ಟ ಪಾಸ್ಕಲ್. ಬಾಯಿ ಜಾರಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಹುಡುಗಿ ಅದನ್ನೂ ಬರೆದುಕೊಂಡಳು. ಆಮೇಲೆ ಬೇಕಾದ್ದನ್ನು ಕೇಳಿದಳು: ದೊಡ್ಡ ಮರದ ತುದಿಯ ಹತ್ತು ಎಲೆ, ಕೆಳಗೆ ತಾನಾಗಿ ಹುಟ್ಟಿದ ಸಣ್ಣ ಗಿಡಗಳ ಹತ್ತು ಎಲೆ. ಗಿಡಗಳು ಎಂಥ ಜಾಗದಲ್ಲಿ ನಿಂತಿವೆ, ನೆರಳೋ ಬಿಸಿಲೋ, ಅದನ್ನು ಕಣ್ಣಾರೆ ನೋಡಬೇಕು ಎಂದಳು.

ಆ ಗಿಡಗಳ ಸಂಗತಿ ಎಸ್ತರ್‌ಗೂ ಗೊತ್ತಿರಲಿಲ್ಲ. ಹೆಣ್ಣುಮರದ ಕೆಳಗೆ, ನೀರು ಹರಿಯುವ ತೋಡಿನ ಪಕ್ಕದ ತಗ್ಗಿನಲ್ಲಿ, ಮಧ್ಯಾಹ್ನವೂ ಮಬ್ಬಾಗಿರುವ ನೆರಳಿನಲ್ಲಿ ನಲವತ್ತಕ್ಕಿಂತ ಹೆಚ್ಚು ಮರಿಗಿಡಗಳಿದ್ದವು. ಅವುಗಳ ಎಲೆ ಅಗಲ, ತೆಳು, ಬೆರಳಿಗೆ ಮೆತ್ತಗೆ. ತಾಯಿಮರದ ಎಲೆಗೂ ಅವಕ್ಕೂ ನೆಂಟಸ್ತಿಕೆಯೇ ಇಲ್ಲವೇನೋ ಎನ್ನುವಂತೆ. ಪಾಸ್ಕಲ್ ವಾರಕ್ಕೊಮ್ಮೆ ಹೋಗಿ ಅವನ್ನು ಸುತ್ತಿದ ಬಳ್ಳಿ ಕಿತ್ತು ಬರುತ್ತಿದ್ದ. ತಾನು ಕಡಿದ ಕೊಂಬೆಗಳ ಲೆಕ್ಕ ಅಲ್ಲಿ ಸ್ವಲ್ಪವಾದರೂ ತೀರುತ್ತದೆ ಎಂದು ಅವನಿಗೆ ಅನಿಸುತ್ತಿತ್ತು. ಆ ಗಿಡಗಳನ್ನು ಕಂಡರೆ ಅವನಿಗೆ ಪ್ರೀತಿ, ನಾಚಿಕೆ ಎರಡೂ.

ಇಲ್ಲ ಎಂದರೆ ಹುಡುಗಿ ಹುಡುಕಲು ಹೊರಡುತ್ತಾಳೆ. ಏನೋ ಒಂದು ಕೊಟ್ಟರೆ ಹೋಗುತ್ತಾಳೆ. ಹೀಗೆ ಲೆಕ್ಕ ಹಾಕಿ ಪಾಸ್ಕಲ್ ಗಂಭೀರವಾಗಿ ಹೇಳಿದ: “ಸಣ್ಣ ಗಿಡ ಉಂಟು. ಆದರೆ ನೆರಳಲ್ಲಿ ಅಲ್ಲ. ತೋಡಿನ ಆಚೆ ಗುಡ್ಡದ ಬಯಲಲ್ಲಿ, ಸುಡುಬಿಸಿಲಲ್ಲಿ. ತೋಡು ದಾಟುವ ಸಂಕ ಮುರಿದುಹೋಗಿದೆ, ನಿಮಗೆ ಹೋಗಲಿಕ್ಕೆ ಸಾಧ್ಯ ಇಲ್ಲ. ನಾನೇ ತಂದುಕೊಡ್ತೇನೆ.”

ಕತ್ತಿ ಸಿಕ್ಕಿಸಿಕೊಂಡು ಹೋದವನು ದೊಡ್ಡ ಮರವನ್ನೇ ಹತ್ತಿದ. ತುದಿಯಿಂದ ಹತ್ತು ಎಲೆ ಕೊಯ್ದ. ಬಿಸಿಲಿಗೆ ಚಾಚಿದ ಪಕ್ಕದ ಕೊಂಬೆಯ ಕೊನೆಯಿಂದ ಸಣ್ಣ ಸಣ್ಣ ಎಲೆ ಆರಿಸಿ ಇನ್ನೊಂದು ಹತ್ತು ಕೊಯ್ದ. ಕೆಳಗಿಳಿದು ಎರಡನ್ನೂ ಬೇರೆ ಬೇರೆ ಕಟ್ಟು ಕಟ್ಟಿ ತಂದು ಕೊಟ್ಟ. ಹುಡುಗಿ ಅಳೆದಳು, ಮತ್ತೆ ಅಳೆದಳು, ಕಣ್ಣರಳಿಸಿದಳು. ಸಣ್ಣ ಗಿಡಕ್ಕೂ ಇಷ್ಟು ದಪ್ಪದ ಎಲೆಯೇ! ಪಾಸ್ಕಲ್ ಮೀಸೆಯಡಿಯಲ್ಲಿ ನಕ್ಕ.

ಜೂನ್ ಮೊದಲ ವಾರ ಅವಳು ಮತ್ತೆ ಬಂದು ಬೀಜ ಕೇಳಿದಳು. ಪಾಸ್ಕಲ್ ಧಾರಾಳವಾಗಿ ಮೂವತ್ತು ಬೀಜ ಕಾಗದದ ಪೊಟ್ಟಣದಲ್ಲಿ ಕಟ್ಟಿಕೊಟ್ಟ. ರಾಂಪತ್ರೆಯ ಬೀಜ ಒಣಗಿದರೆ ಸತ್ತಿತು, ಕಾಗದದಲ್ಲಿ ಕೆಲವು ದಿನವಿದ್ದರೆ ಮುಗಿಯಿತು ಎಂದು ಅವನಿಗೆ ಗೊತ್ತಿತ್ತು. ಹುಡುಗಿಗೂ ಗೊತ್ತಿತ್ತು. ಅಂಗಳ ದಾಟುವ ಮೊದಲೇ ಅವಳು ಚೀಲದಿಂದ ಒದ್ದೆ ತೆಂಗಿನ ನಾರು ತೆಗೆದು ಬೀಜಗಳನ್ನು ಅದರಲ್ಲಿ ಹುದುಗಿಸಿದ್ದನ್ನು ಪಾಸ್ಕಲ್ ಕಿಟಕಿಯಿಂದ ನೋಡಿದ. ಅವನ ಸಂಶಯ ದುಪ್ಪಟ್ಟಾಯಿತು. ಇಷ್ಟು ತಿಳಿದವಳು ಸುಮ್ಮನೆ ಬಂದಿರಲಾರಳು.

ಇಪ್ಪತ್ತಮೂರು ಬೀಜ ಮೊಳೆತವು. ಒಂದು ವರ್ಷ ಮಣಿಪಾಲದಲ್ಲಿ ಹಸಿರು ಬಲೆಯ ಅಡಿಯಲ್ಲಿ ಬೆಳೆಸಿದ ಗಿಡಗಳನ್ನು ಶ್ರೇಯಾ ಮುಂದಿನ ಮಳೆಗಾಲಕ್ಕೆ ಮನೆಮನೆಗೆ ಹಂಚಿದಳು. ಕಾಪುವಿನ ತನ್ನ ಮನೆಗೆ ಆರು, ಉಳಿದವು ಪೆರ್ಡೂರು, ಸಂತೆಕಟ್ಟೆ, ಮಣಿಪಾಲ, ಅಂಬಲಪಾಡಿಗೆ. ಪ್ರತಿ ಗಿಡಕ್ಕೂ ಒಂದು ಚೀಟಿ. ಒಂದನ್ನು ಪಾಸ್ಕಲ್‌ಗೆ ತೋರಿಸಲೆಂದೇ ಬಸ್ಸು ಹತ್ತಿ ಬಂದಿದ್ದಳು. ಅದರಲ್ಲಿ ಹೀಗಿತ್ತು: ‘ರಾಂಪತ್ರೆ. ಅಪರೂಪದ ಮರ. ಎಳೆಯ ಗಿಡದ ಎಲೆಯೂ ದಪ್ಪವಾಗಿದ್ದು ಬಿಸಿಲು ತಾಳುತ್ತದೆ. ತೆರೆದ ಜಾಗದಲ್ಲಿ ನೆಡಿ. ಮಾಹಿತಿ: ಪಾಸ್ಕಲ್ ಮಿನೇಜಸ್.’

ತನ್ನ ಹೆಸರನ್ನು ಅಚ್ಚಿನಲ್ಲಿ ನೋಡಿ ಪಾಸ್ಕಲ್‌ಗೆ ಬೆವರು ಬಂತು. ನಾಳೆ ಯಾವುದೋ ಇಲಾಖೆಯವರು ಇದನ್ನು ಹಿಡಿದು ಬಂದರೆ? ಅದಕ್ಕಿಂತ ಮೇಲಿನ ಸಾಲು ನೋಡಿ ಇನ್ನೊಂದು ಬಗೆಯ ಬೆವರು. ಬಿಸಿಲು ತಾಳುವುದಿಲ್ಲ ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಹೇಗೆ ಗೊತ್ತು ಎಂದು ಕೇಳುತ್ತಾಳೆ, ಕೇಳಿದರೆ ತೋಡಿನ ತಗ್ಗು ಹೊರಬೀಳುತ್ತದೆ. “ಅಕ್ಷರ ಚಂದ ಬಂದಿದೆ,” ಎಂದಷ್ಟೇ ಹೇಳಿ ಚೀಟಿಯನ್ನು ಅಂಗಿಯ ಜೇಬಿಗಿಳಿಸಿದ.

ಈ ಫೆಬ್ರವರಿಯಲ್ಲಿ ಅವಳ ಫೋನ್ ಬಂತು. “ಅಂಕಲ್, ಗಿಡಗಳು ಒಣಗ್ತಾ ಉಂಟು. ನನಗೆ ಕಾರಣ ಗೊತ್ತಾಗ್ತಾ ಇಲ್ಲ. ಒಮ್ಮೆ ಕಾಪುವಿಗೆ ಬಂದು ನೋಡ್ತೀರಾ?”

“ಇದು ನನ್ನನ್ನು ಅಲ್ಲಿ ಕರೆಸಿ ಸಿಕ್ಕಿಸುವ ಉಪಾಯ,” ಎಂದ ಪಾಸ್ಕಲ್ ಹೆಂಡತಿಗೆ.

“ನಿಮ್ಮನ್ನು ಹಿಡಿದು ಯಾರಿಗೆ ಎಂತ ಸಿಗುವುದುಂಟು?” ಎಂದಳು ಎಸ್ತರ್. “ಹೋಗಿ ಬನ್ನಿ. ಆ ಹುಡುಗಿ ಬಂದಾಗಲೆಲ್ಲ ನೀವು ಕಳ್ಳನ ಹಾಗೆ ಮುಖ ಮಾಡುವುದು ಯಾಕೆ ಅಂತ ನನಗೂ ಗೊತ್ತಾಗಬೇಕು.”

ಪಡುಬಿದ್ರಿಗೆ ಬಸ್ಸು ಹಿಡಿದು ಅಲ್ಲಿಂದ ಕಾಪು ದಾಟಿ ಹೋಗುವ ಬಸ್ಸಿನಲ್ಲಿ ಪಾಸ್ಕಲ್ ಮುಂದಿನ ಉಡುಪಿಗೆ ಟಿಕೇಟು ತೆಗೆದ. ಎಲ್ಲಿಗೆ ಹೋಗುತ್ತಾನೆಂದು ಪಕ್ಕದವನಿಗೆ ತಿಳಿಯಬಾರದಲ್ಲ. ಕಾಪುವಿನಲ್ಲಿ ಇಳಿದಾಗ ಕಂಡಕ್ಟರ್ ಅವನನ್ನು ವಿಚಿತ್ರವಾಗಿ ನೋಡಿದ.

ಕಮಲಳ ಮನೆಯ ಮರಳಂಗಳದಲ್ಲಿ ಮಧ್ಯಾಹ್ನದ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಪಾಸ್ಕಲ್ ಗಿಡಗಳ ಮುಂದೆ ಬಗ್ಗಿ ನಿಂತ. ಐದು ಗಿಡಗಳ ಎಲೆಗಳು ಅಂಚಿನಿಂದ ಕಂದಿ, ನಡುವೆ ಬಿಳಿ ಮಚ್ಚೆ ಬಿದ್ದು, ಸುಟ್ಟ ಹಪ್ಪಳದಂತೆ ಸುರುಳಿಯಾಗಿದ್ದವು. ಚೀಟಿಗಳು ಮಾತ್ರ ನೆಟ್ಟಗೆ ನೇತಾಡುತ್ತಿದ್ದವು. ಪಾಸ್ಕಲ್ ಮಿನೇಜಸ್, ಪಾಸ್ಕಲ್ ಮಿನೇಜಸ್, ಪಾಸ್ಕಲ್ ಮಿನೇಜಸ್.

“ಮಣ್ಣಿನಲ್ಲಿ ಉಪ್ಪು ಇರಬಹುದು ಅಂತ ಮಣ್ಣು ಬದಲಿಸಿದೆ,” ಎಂದಳು ಶ್ರೇಯಾ. “ಸಮುದ್ರದ ಗಾಳಿ ಅಂತ ಪಶ್ಚಿಮಕ್ಕೆ ಅಡ್ಡ ಕಟ್ಟಿದೆ. ನೀರು ಹೆಚ್ಚು ಮಾಡಿದೆ, ಕಡಿಮೆ ಮಾಡಿದೆ. ಬಲೆಯ ಅಡಿಯಲ್ಲಿ ಬೆಳೆದದ್ದಕ್ಕೆ ಎಲೆ ತೆಳು ಇತ್ತು, ಬಿಸಿಲಿಗೆ ಬಂದರೆ ನೀವು ತಂದ ಎಲೆಯ ಹಾಗೆ ದಪ್ಪ ಆಗ್ತದೆ ಅಂತ ಕಾದೆ. ನನ್ನ ಕೈಯೇ ಸರಿ ಇಲ್ಲ ಅಂತ ಕಾಣ್ತದೆ ಅಂಕಲ್.”

ಮಣ್ಣನ್ನು ಸಂಶಯಿಸಿದ್ದಳು, ಗಾಳಿಯನ್ನು ಸಂಶಯಿಸಿದ್ದಳು, ತನ್ನ ಕೈಯನ್ನೇ ಸಂಶಯಿಸಿದ್ದಳು. ಪಾಸ್ಕಲ್‌ನ ಮಾತನ್ನು ಮಾತ್ರ ಸಂಶಯಿಸಿರಲಿಲ್ಲ. ಅಷ್ಟು ಹೊತ್ತಿಗೆ ಒಳಗಿನಿಂದ ಕಮಲ ಬಂದು, “ಇದನ್ನೊಂದು ನೋಡಿ ಪೊರ್ಬುಗಳೇ,” ಎಂದಳು. ತುಳುವರು ಕ್ರೈಸ್ತ ಗಂಡಸರನ್ನು ಮರ್ಯಾದೆಯಿಂದ ಕರೆಯುವುದು ಹಾಗೆಯೇ. ಮೂಲೆಯಲ್ಲಿ ಮಗುಚಿಟ್ಟಿದ್ದ ಹಳೆಯ ಮೀನಿನ ಬುಟ್ಟಿಯನ್ನು ಅವಳು ಎತ್ತಿದಳು. ಅಡಿಯಲ್ಲಿ ಆರನೆಯ ಗಿಡ. ಹಸಿರು. ಅಗಲ, ತೆಳುವಾದ ಎಲೆಗಳು, ತುದಿಯಲ್ಲೊಂದು ಹೊಸ ಚಿಗುರು. “ಕೋಳಿ ಕೆದಕ್ತದೆ ಅಂತ ದೀಪಾವಳಿಯಿಂದ ಮುಚ್ಚಿಟ್ಟದ್ದು. ಇದೊಂದು ಬದುಕಿದೆ. ಕೋಳಿಯದ್ದೇ ಉಪದ್ರವ ಅಂತ ನನ್ನ ಲೆಕ್ಕ.”

ಪಾಸ್ಕಲ್ ಕುಕ್ಕರುಗಾಲಿನಲ್ಲಿ ಕುಳಿತು ಆ ಎಲೆಯನ್ನು ಮುಟ್ಟಿದ. ಬೆರಳಿಗೆ ಮೆತ್ತಗೆ ತಾಗಿತು, ತೋಡಿನ ತಗ್ಗಿನ ಎಲೆಯ ಹಾಗೆಯೇ. ಎಸ್ತರ್ ಹೇಳಿದ ಕಳ್ಳನ ಮುಖ ಆಗ ಅವನ ಮೇಲೆ ಪೂರ್ತಿ ಕೂತಿರಬೇಕು. ಓಡಿಹೋಗಬೇಕೆನಿಸಿತು. ಉಡುಪಿಯ ಟಿಕೇಟು ಜೇಬಿನಲ್ಲಿ ಇನ್ನೂ ಇತ್ತು.

“ಕೋಳಿ ಅಲ್ಲ ಕಮಲಕ್ಕ,” ಎಂದ. “ಬಿಸಿಲು. ನಾನು ಕೊಟ್ಟ ಎಲೆ ಸಣ್ಣ ಗಿಡದ್ದಲ್ಲ. ಎರಡು ಕಟ್ಟೂ ದೊಡ್ಡ ಮರದ್ದೇ. ಸಣ್ಣ ಗಿಡ ಬಿಸಿಲಲ್ಲಿ ನಿಲ್ಲುವುದಿಲ್ಲ. ಅದಕ್ಕೆ ತಾಯಿಯ ನೆರಳು ಬೇಕು, ಎತ್ತರಕ್ಕೆ ಹೋದ ಮೇಲೆ ಎಲೆ ತಾನಾಗಿ ದಪ್ಪ ಆಗ್ತದೆ. ನನಗೆ ಗೊತ್ತಿತ್ತು. ಚೀಟಿ ತೋರಿಸಿದ ದಿನವೂ ಗೊತ್ತಿತ್ತು.”

ಶ್ರೇಯಾ ಜಗಲಿಯ ಮೆಟ್ಟಿಲಲ್ಲಿ ಕುಳಿತುಬಿಟ್ಟಳು. “ಎರಡು ವರ್ಷ, ಅಂಕಲ್,” ಎಂದಳು.

ಬಯ್ದದ್ದು ಕಮಲ. “ಹಾಳಾದ ಮೀನನ್ನು ತಾಜಾ ಅಂತ ಕೊಟ್ಟರೆ ಮಾರನೆಯ ದಿನ ಬಂದು ನನ್ನ ಮುಖಕ್ಕೆ ಎಸೀತಾರೆ. ನಿಮ್ಮ ಮುಖಕ್ಕೆ ಎಂತ ಎಸೆಯುವುದು ಹೇಳಿ ಪೊರ್ಬುಗಳೇ? ಈ ಒಣಗಿದ ಗಿಡವಾ?”

ಪಾಸ್ಕಲ್ ಹನ್ನೊಂದು ಮರಗಳ ಕತೆ ಹೇಳಲು ಬಾಯಿ ತೆರೆದ. ಕಾರಿನ ಮನುಷ್ಯ, ಇಸ್ತ್ರಿಯ ಅಂಗಿ, ಎಲ್ಲ. ಹೇಳುತ್ತ ಹೇಳುತ್ತ ಅವನಿಗೇ ಕೇಳಿಸಿತು, ಆ ಮನುಷ್ಯ ಮೋಸ ಮಾಡಿ ಮರ ಕಡಿಸಿದ, ತಾನು ಮೋಸ ಮಾಡಿ ಗಿಡ ಸುಡಿಸಿದೆ. ಕತೆಯನ್ನು ಅರ್ಧಕ್ಕೇ ಬಿಟ್ಟು ಎದ್ದು, “ಕತ್ತಿ ಕೊಡಿ,” ಎಂದ.

ಅಂಗಳದ ತೆಂಗಿನ ಮರ ಹತ್ತಿ ಎಂಟು ಮಡಲು ಕಡಿದು ಹಾಕಿದ. ನೆರಳಲ್ಲಿ ಕುಳಿತು ಗರಿಗಳನ್ನು ಹೆಣೆದು ತಟ್ಟಿ ಮಾಡಿದ. ಐದು ಗಿಡಗಳ ಕಾಂಡವನ್ನು ಉಗುರಿನಿಂದ ಕೆರೆದು ನೋಡಿದಾಗ ಎರಡರಲ್ಲಿ ಇನ್ನೂ ಹಸಿ ಇತ್ತು. ಅವಕ್ಕೆ ಚಪ್ಪರ ಹಾಕಿದ. ಉಳಿದ ಹದಿನೇಳು ಗಿಡ ಬೇರೆಯವರ ಮನೆಯಲ್ಲಿ ಇದೇ ಬಿಸಿಲಿಗೆ ನಿಂತಿದ್ದವು. ಬಾಯಿಗೆ ಬಂದಂತೆ ಬಯ್ಯುತ್ತಲೇ ಕಮಲ ಮೀನು ಸಾಗಿಸುವ ಗೂಡ್ಸ್ ರಿಕ್ಷಾಕ್ಕೆ ಫೋನ್ ಮಾಡಿ ಮಿಕ್ಕ ತಟ್ಟಿಗಳನ್ನು ಹೇರಿಸಿದಳು.

ಸಂತೆಕಟ್ಟೆಯಲ್ಲಿ ಕೊಟ್ಟ ನಾಲ್ಕೂ ಸತ್ತಿದ್ದವು. ಕಾಂಕ್ರೀಟಿನ ಅಂಗಳ, ಪಕ್ಕದಲ್ಲಿ ಹೆದ್ದಾರಿ. ಪೆರ್ಡೂರಿನಲ್ಲಿ ಐದರಲ್ಲಿ ಮೂರು ಉಳಿದಿದ್ದವು. ಆ ಮನೆಯ ಹೆಂಗಸು ಚೀಟಿಯನ್ನು ಓದದೆ ಹಲಸಿನ ಮರದ ಅಡಿಯಲ್ಲಿ ನೆಟ್ಟಿದ್ದಳು. ಮಣಿಪಾಲದ ಆರರಲ್ಲಿ ಎರಡು. ಕೊನೆಗೆ ಉಳಿದದ್ದು ಅಂಬಲಪಾಡಿಯ ಒಂದು ಮನೆ, ಎರಡು ಗಿಡ. ರಿಕ್ಷಾ ಓಣಿಯೊಳಗೆ ಹೋಗಲಿಲ್ಲ. ಶ್ರೇಯಾ ಇಳಿಯಲು ಹೊರಟಳು. “ನೀನು ಇಲ್ಲೇ ಇರು ಮಗಾ. ಹೆಸರು ನನ್ನದು, ನಾನೇ ಹೇಳ್ತೇನೆ,” ಎಂದ ಪಾಸ್ಕಲ್. ಮೇಡಂ ಯಾವಾಗ ಮಗಳಾದಳೆಂದು ಅವನಿಗೇ ಗೊತ್ತಾಗಲಿಲ್ಲ.

ಹೆಗಲ ಮೇಲೆ ಮಡಲ ತಟ್ಟಿ, ಸೊಂಟದಲ್ಲಿ ಕತ್ತಿ, ಬೆವರಿದ ಅಂಗಿ. ಗೇಟಿನ ಒಳಗಿದ್ದ ಸ್ಯಾಂಡ್ರಾ ಎಂಬ ಹೆಂಗಸು ಅವನನ್ನು ಮೇಲಿಂದ ಕೆಳಗೆ ನೋಡಿ ಗೇಟಿನ ಚಿಲಕ ಇನ್ನಷ್ಟು ಒತ್ತಿ ಹಾಕಿದಳು.

“ಯಾರು ನೀವು? ಎಂತಕ್ಕೆ ಬಂದದ್ದು?”

“ನಿಮ್ಮ ರಾಂಪತ್ರೆ ಗಿಡಕ್ಕೆ ನೆರಳು ಮಾಡಲಿಕ್ಕೆ.”

“ನಮಗೆ ಬೇಡ. ಅದಕ್ಕೆ ಬಿಸಿಲೇ ಬೇಕು ಅಂತ ಬರೆದು ಕೊಟ್ಟಿದ್ದಾರೆ. ನಿಮ್ಮನ್ನು ಯಾರು ಕಳಿಸಿದ್ದು? ಮನೆಯಲ್ಲಿ ಜನ ಇದ್ದಾರೆ, ಗೊತ್ತಾಯ್ತಲ್ಲ?”

ಪಾಸ್ಕಲ್ ಜೇಬಿನಿಂದ ಮಡಚಿ ಮಡಚಿ ಸವೆದ ಚೀಟಿ ತೆಗೆದು ಗೇಟಿನ ಸಂದಿಯಿಂದ ಒಳಗೆ ಚಾಚಿದ. “ಇದರಲ್ಲಿ ಬರೆದದ್ದು ಸುಳ್ಳು, ಬಾಯಮ್ಮ. ಹೇಳಿದ್ದು ನಾನು. ಕೆಳಗೆ ಹೆಸರು ಉಂಟಲ್ಲ, ಅದು ನನ್ನದೇ.”

“ಹಾಗಂತ ಯಾರೂ ಬಂದು ಹೇಳಬಹುದು. ಆಧಾರ್ ಉಂಟಾ?”

ಬ್ಯಾಂಕಿನವರು ಕೇಳಿದರೂ ನೂರು ಪ್ರಶ್ನೆ ಹಾಕಿ ಅರ್ಧ ಮುಚ್ಚಿಕೊಂಡು ತೋರಿಸುವ ಆಧಾರ್ ಕಾರ್ಡನ್ನು ಪಾಸ್ಕಲ್ ತೆಗೆದು ಕೊಟ್ಟ. ಅವಳು ಚೀಟಿಯನ್ನೂ ಕಾರ್ಡನ್ನೂ ಅಕ್ಕಪಕ್ಕ ಹಿಡಿದು ಓದಿದಳು. ಫೋಟೋ ನೋಡಿದಳು, ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಬಂಗುಡೆಯ ಕಿವಿರು ಎತ್ತಿ ನೋಡುವಾಗ ಮೀನಿನವಳಿಗೆ ಹೇಗಾಗುತ್ತಿತ್ತೆಂದು ಪಾಸ್ಕಲ್‌ಗೆ ಆಗ ಗೊತ್ತಾಯಿತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಅವಳ ಜಾಗದಲ್ಲಿ ತಾನಿದ್ದರೂ ಗೇಟು ತೆರೆಯುತ್ತಿರಲಿಲ್ಲ.

ತೆರೆಯಲಿಲ್ಲ ಅವಳೂ. “ತಟ್ಟಿ ಅಲ್ಲೇ ಇಡಿ. ಹೇಗೆ ಅಂತ ಹೇಳಿ, ನಾನೇ ಹಾಕ್ತೇನೆ,” ಎಂದಳು. ಪಾಸ್ಕಲ್ ಗೇಟಿನ ಹೊರಗೆ ನಿಂತು ಸರಳುಗಳ ನಡುವೆ ಕೈ ತೂರಿಸಿ, ಇನ್ನೂ ಸ್ವಲ್ಪ ಎತ್ತರಕ್ಕೆ, ಪಶ್ಚಿಮದ ಕಡೆಗೆ ವಾಲಿಸಿ ಎಂದು ಹೇಳಿಕೊಡುತ್ತಾ ಹೋದ. ಒಂದು ಗಿಡ ಸತ್ತಿತ್ತು. ಇನ್ನೊಂದರಲ್ಲಿ ಎರಡೇ ಎಲೆ, ಎರಡೂ ಅಂಚಿನಲ್ಲಿ ಕಂದಿದ್ದವು. ಅದರ ಮೇಲೆ ನೆರಳು ಬಿದ್ದದ್ದನ್ನು ಕಂಡ ಮೇಲೆಯೇ ಅವನು ಅಲ್ಲಿಂದ ಕದಲಿದ್ದು.

ರಿಕ್ಷಾದ ಹತ್ತಿರ ಶ್ರೇಯಾ ಪುಸ್ತಕ ತೆರೆದು ಕಾದಿದ್ದಳು. ಇಪ್ಪತ್ತಮೂರರಲ್ಲಿ ಒಂಬತ್ತು. ಅಷ್ಟು ಬರೆದು, ಕೆಳಗೊಂದು ಗೆರೆ ಎಳೆದು ಕೇಳಿದಳು: “ಹಾಗಾದರೆ ನಿಜವಾದ ಸಣ್ಣ ಗಿಡಗಳು ಎಲ್ಲಿ ಉಂಟು ಅಂಕಲ್? ಅವುಗಳ ಎಲೆ ಹೇಗೆ ಇರ್ತದೆ?”

ಪಾಸ್ಕಲ್‌ನ ಕಣ್ಣು ಅಭ್ಯಾಸಬಲದಿಂದ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋಯಿತು. ರಿಕ್ಷಾದವನು ಕೇಳಿಸಿಕೊಳ್ಳುತ್ತಿದ್ದ, ಹಣ್ಣಿನಂಗಡಿಯವನೂ ಇತ್ತಲೇ ನೋಡುತ್ತಿದ್ದ. ಅದೇ ಹಳೆಯ ಸಂಶಯ. ಅದು ಇವತ್ತು ಹೋಗುವಂಥದ್ದಲ್ಲ, ಸಾಯುವತನಕ ಹೋಗುವುದೂ ಇಲ್ಲ ಎಂದು ಅವನಿಗೆ ಗೊತ್ತಿತ್ತು.

“ಪೆನ್ನು ಮುಚ್ಚಿಡು ಮಗಾ,” ಎಂದ. “ನಾನು ಹೇಳಿದ್ದನ್ನು ಇನ್ನು ಬರೆದುಕೊಳ್ಳಬೇಡ. ನಾಳೆ ಬೆಳಿಗ್ಗೆ ಮನೆಗೆ ಬಾ, ನಿನ್ನ ಅಮ್ಮನನ್ನೂ ಕರೆದುಕೊಂಡು ಬಾ. ತೋಡಿನ ಹತ್ತಿರ ಒಂದು ತಗ್ಗು ಉಂಟು. ನೀನೇ ಇಳಿ, ನೀನೇ ನೋಡು, ನಿನ್ನ ಕೈಯಿಂದಲೇ ಕೊಯ್ಯಿ.”

ಮಾರನೆಯ ದಿನ ಎಂಟೂವರೆಯ ಬಸ್ಸಿನಿಂದ ತಾಯಿ ಮಗಳು ಇಬ್ಬರೂ ಇಳಿದರು. ಪಾಸ್ಕಲ್ ಏಳು ಗಂಟೆಯಿಂದಲೇ ರಸ್ತೆಯ ಬದಿಯಲ್ಲಿ ನಿಂತಿದ್ದ, ಅವರು ಬರುತ್ತಾರೋ ಇಲ್ಲವೋ ಎಂಬ ಸಂಶಯದಲ್ಲಿ.